ಕೈಗೆ ಗೊತ್ತಿತ್ತು, ಹೆನ್ರಿಗೆ ಗೊತ್ತಿರಲಿಲ್ಲ

ಕಾಗದದ ಮೇಲೆ ಜೋಡಿ ಗೆರೆಯ ಒಂದು ನಕ್ಷತ್ರ. ಆ ಎರಡು ಗೆರೆಗಳ ಸಂದಿಯಲ್ಲೇ ಪೆನ್ಸಿಲ್ ಎಳೆಯಬೇಕು. ಕೈಯನ್ನು ನೇರ ನೋಡುವಂತಿಲ್ಲ, ಕನ್ನಡಿಯಲ್ಲಿ ನೋಡಿಕೊಂಡೇ ಬರೆಯಬೇಕು. ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಮೂಲೆ ಬಂದಾಗಲೆಲ್ಲ ಪೆನ್ಸಿಲ್ ಎಲ್ಲಿಗೋ ಹೋಗುತ್ತದೆ.

ಮಾಂಟ್ರಿಯಲ್‌ನ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅಮೆರಿಕದ ಹೆನ್ರಿ ಮೊಲೈಸನ್ ಕೈಯಲ್ಲಿ ಇದನ್ನು ಮೂರು ದಿನ ಮಾಡಿಸಿದರು. ಹೆನ್ರಿಗೆ ವಿಪರೀತ ಫಿಟ್ಸ್ ಇತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಆಪರೇಷನ್ ಮಾಡಿ ಮಿದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದಿದ್ದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸದೇನೂ ನೆನಪಲ್ಲಿ ಉಳಿಯಲಿಲ್ಲ. ಈಗಷ್ಟೇ ಮಾತಾಡಿ ಹೊರಗೆ ಹೋದವರು ಮತ್ತೆ ಬಂದರೆ ಹೆನ್ರಿಗೆ ಹೊಸಬರೇ.

ಹೀಗಿದ್ದರೂ ನಕ್ಷತ್ರ ಬರೆಯುವಾಗಿನ ತಪ್ಪುಗಳು ದಿನದಿಂದ ದಿನಕ್ಕೆ ಇಳಿದವು. ಮೂರನೇ ದಿನ ಗೆರೆ ಸಲೀಸಾಗಿ ಬಂತು. ಹಿಂದೆಂದೋ ಇದನ್ನು ಮಾಡಿದ್ದೇನೆ ಎಂಬ ನೆನಪು ಮಾತ್ರ ಅವರಿಗೆ ಇರಲೇ ಇಲ್ಲ. ಮಿಲ್ನರ್ 1962ರಲ್ಲಿ ಇದನ್ನು ಪ್ರಕಟಿಸಿದರು. ನಡೆದದ್ದನ್ನು ನೆನಪಿಡುವ ದಾರಿ ಬೇರೆ, ಕೈಯನ್ನು ಪಳಗಿಸುವ ದಾರಿ ಬೇರೆ ಅಂತ ಆಗ ಗಟ್ಟಿಯಾಗಿ ಗೊತ್ತಾಯಿತು.

ಸುಳಿವು ಹಿಂದೆಯೇ ಸಿಕ್ಕಿತ್ತು. ಜಿನೀವಾದ ವೈದ್ಯ ಎದುವಾರ್ ಕ್ಲಾಪರೇದ್, ನೆನಪಿನ ಶಕ್ತಿ ಕಳೆದುಕೊಂಡ ಮಹಿಳೆಯೊಬ್ಬರ ಕೈ ಕುಲುಕುವಾಗ ಬೆರಳ ನಡುವೆ ಗುಂಡುಪಿನ್ ಇಟ್ಟುಕೊಂಡು ಚುಚ್ಚಿದರು. ಆಮೇಲೆ ಅವರು ಮತ್ತೆ ಕೈ ಚಾಚಿದರೆ ಆಕೆ ಕೈ ಹಿಂದಕ್ಕೆಳೆದುಕೊಂಡರು. ಚುಚ್ಚಿದ್ದು ಆಕೆಗೆ ನೆನಪಿರಲಿಲ್ಲ. 1911ರಲ್ಲಿ ಇದು ಪ್ರಕಟವಾಯಿತು. ಏನೂ ಹೇಳದೆ ರೋಗಿಗೆ ಪಿನ್ ಚುಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಇವರೆಲ್ಲ ರೋಗಿಗಳು, ನಮ್ಮ ಕಥೆ ಬೇರೆ ಅನ್ನಬಹುದು. ಹಾಗೇನಿಲ್ಲ. 1967ರಲ್ಲಿ ಅಮೆರಿಕದ ಆರ್ಥರ್ ರೀಬರ್ ಆರೋಗ್ಯವಂತರಿಗೇ ಅರ್ಥವಿಲ್ಲದ ಅಕ್ಷರಸಾಲುಗಳನ್ನು ಬಾಯಿಪಾಠ ಮಾಡಿಸಿದರು. ಸಾಲುಗಳ ಹಿಂದೆ ಒಂದು ಗುಟ್ಟಿನ ವ್ಯಾಕರಣ ಇತ್ತು, ಅಂದರೆ ಯಾವ ಅಕ್ಷರ ಆದಮೇಲೆ ಯಾವುದು ಬರಬಹುದು ಎಂಬ ನಿಯಮ. ಆಮೇಲೆ ಹೊಸ ಸಾಲುಗಳನ್ನು ತೋರಿಸಿ, ನಿಯಮಕ್ಕೆ ಹೊಂದುವುದು ಯಾವುದು ಎಂದು ಕೇಳಿದರು. ಸುಮ್ನೆ ಊಹಿಸಿದ್ದರೆ ಬರುತ್ತಿದ್ದುದಕ್ಕಿಂತ ಜಾಸ್ತಿ ಉತ್ತರ ಸರಿಯಾದವು. ನಿಯಮ ಏನು ಎಂದು ವಿವರಿಸಿ ಹೇಳಲು ಮಾತ್ರ ಅವರಿಗೆ ಆಗಲಿಲ್ಲ.

ಇದನ್ನು ಓದಿದಾಗ ನನಗೆ ಕನ್ನಡ ಕಲಿಯುತ್ತಿರುವ ಗೆಳೆಯ ನೆನಪಾದ. 'ಮನೆಗೆ' ಅಂತೀರಿ, 'ಮರಗೆ' ಅನ್ನದೆ 'ಮರಕ್ಕೆ' ಯಾಕೆ ಅಂತೀರಿ ಎಂದು ಒಮ್ಮೆ ಕೇಳಿದ್ದ. ನನಗೆ ಉತ್ತರ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಆಡಿದ ಮಾತು, ಒಮ್ಮೆಯೂ ತಪ್ಪಿದ್ದಿಲ್ಲ. ಪುಸ್ತಕಕ್ಕೆ, ಹೊಲಕ್ಕೆ, ಗಿಡಕ್ಕೆ, ಶಾಲೆಗೆ, ಗಾಡಿಗೆ ಅಂತ ಬಾಯಲ್ಲೇ ಒಂದೊಂದಾಗಿ ಹೇಳಿಕೊಂಡು ನೋಡಿದೆ. ವಸ್ತುವಿನ ಹೆಸರು 'ಅ' ದಿಂದ ಮುಗಿದರೆ 'ಕ್ಕೆ' ಬರುತ್ತದೆ ಅಂತ ಅವನ ಜೊತೆಯಲ್ಲೇ ನನಗೂ ಆವತ್ತೇ ಗೊತ್ತಾಯಿತು.