ಸದ್ದು ಮಾಡುವ ದವಡೆ, ನೋಯುವ ದವಡೆ

ಕಿವಿನೋವೆಂದು ಮನೆಯಿಂದ ಹೊರಟವರು ದಂತವೈದ್ಯರ ಕುರ್ಚಿಗೆ ಬಂದು ಸೇರುವ ದಾರಿ ಸಾಮಾನ್ಯವಾಗಿ ಸುತ್ತುಬಳಸಿನದು. ಮೊದಲು ಅಂಗಡಿಯಿಂದ ತಂದ ಕಿವಿಯ ಹನಿ. ಆಮೇಲೆ ಕಿವಿ-ಮೂಗು-ಗಂಟಲು ತಜ್ಞರು ನೋಡಿ "ಕಿವಿಯಲ್ಲಿ ಏನೂ ಇಲ್ಲ" ಎಂದದ್ದು. ನಡುವೆ ಯಾರದೋ ಮಾತು ಕೇಳಿ ಗಟ್ಟಿಯಾಗಿದ್ದ ಒಂದು ದವಡೆಹಲ್ಲನ್ನು ಕೀಳಿಸಿಕೊಂಡದ್ದೂ ಉಂಟು. ನೋವು ಮಾತ್ರ ಇದ್ದಲ್ಲೇ ಇರುತ್ತದೆ. ಕಿವಿಯ ಮುಂದೆ ಬೆರಳಿಟ್ಟು, "ಈಗ ಬಾಯಿ ತೆರೆಯಿರಿ ಅಮ್ಮ" ಎಂದಾಗ ಅವರು ಮುಖ ಕಿವುಚುತ್ತಾರೆ. ಆಗ ಗೊತ್ತಾಗುತ್ತದೆ, ತೊಂದರೆ ಇರುವುದು ದವಡೆಯ ಕೀಲಿನಲ್ಲಿ, ಇಲ್ಲವೇ ಅದನ್ನು ಆಡಿಸುವ ಸ್ನಾಯುಗಳಲ್ಲಿ ಎಂದು.

ಕಿವಿಯಲ್ಲಿ ನೋಯುವುದು ಅವರ ಭ್ರಮೆಯಲ್ಲ. ಈ ಕೀಲು ಇರುವುದು ಕಿವಿಯ ರಂಧ್ರದ ನೇರ ಮುಂದೆ. ಕೀಲಿನ ನೋವನ್ನು ಒಯ್ಯುವ ನರದ ಕವಲೇ ಕಿವಿಯ ಮುಂಭಾಗಕ್ಕೂ ಕಣತಲೆಯ ಚರ್ಮಕ್ಕೂ ಹೋಗುತ್ತದೆ. ಹೀಗಾಗಿ ಕೀಲು ನೊಂದರೆ ಕಿವಿ ನೋಯುತ್ತದೆ, ತಲೆಯೂ ನೋಯುತ್ತದೆ.

ಇನ್ನು ಆ "ಟಕ್" ಸದ್ದಿನ ವಿಷಯ. ನಾವು ಬಾಯಿ ತೆರೆಯುವಾಗ ಸುಮಾರು ಮೊದಲ 20ರಿಂದ 25 ಮಿಲಿಮೀಟರ್‌ವರೆಗೆ ಕೆಳದವಡೆಯ ಗುಂಡುತಲೆ ಇದ್ದಲ್ಲೇ ತಿರುಗುತ್ತದೆ. ಅದಕ್ಕಿಂತ ಅಗಲ ತೆರೆಯಬೇಕಾದರೆ ಗುಳಿಯಿಂದ ಮುಂದಕ್ಕೆ ಜಾರುತ್ತದೆ. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ. ಗದ್ದೆ ಕೆಲಸದವರು ತಲೆಗೆ ಮುಟ್ಟಾಳೆ ಇಟ್ಟುಕೊಳ್ಳುವಂತೆ ಅದು ಗುಂಡುತಲೆಯ ಮೇಲೆ ಕೂತು ಜತೆಯಲ್ಲೇ ಚಲಿಸಬೇಕು. ಅದನ್ನು ಹಿಡಿದಿರುವ ಕಟ್ಟುಗಳು ಸಡಿಲವಾದರೆ ಬಿಲ್ಲೆ ಮುಂದಕ್ಕೆ ಜಾರಿಬಿಡುತ್ತದೆ. ಬಾಯಿ ತೆರೆದಾಗ ಗುಂಡುತಲೆ ಮತ್ತೆ ಅದರ ಅಡಿಗೆ ನುಸುಳುತ್ತದೆ. ಆಗ ಕೇಳುವುದೇ ಆ ಸದ್ದು.

ನೋವಿಲ್ಲದೆ ಸದ್ದು ಮಾತ್ರ ಬರುತ್ತಿದ್ದರೆ, ಬಾಯಿ ಸಲೀಸಾಗಿ ತೆರೆಯುತ್ತಿದ್ದರೆ, ನಾನು ಏನೂ ಮಾಡುವುದಿಲ್ಲ. ಹೀಗೆ ಹೇಳಿದಾಗ ಕೆಲವರಿಗೆ ನಿರಾಸೆಯಾಗುತ್ತದೆ. ಬಸ್ ಹಿಡಿದು ಕುಂದಾಪುರದಿಂದ ಬಂದವರಿಗೆ ಒಂದು ಮಾತ್ರೆಯಾದರೂ ಬೇಕೆನಿಸುವುದು ಸಹಜ. ಆದರೆ ಸದ್ದು ಮಾಡುವ ದವಡೆಗಳು ಊರ ತುಂಬ ಇವೆ. ಅವುಗಳಲ್ಲಿ ಹೆಚ್ಚಿನವು ಜೀವನಪೂರ್ತಿ ಸದ್ದು ಮಾಡುತ್ತಲೇ ಚಕ್ಕುಲಿ ಅಗಿಯುತ್ತವೆ. ಕಾಳಜಿ ಮಾಡಬೇಕಾದದ್ದು, ಇಷ್ಟು ದಿನ ಬರುತ್ತಿದ್ದ ಸದ್ದು ಒಮ್ಮೆಗೇ ನಿಂತು, ಅದೇ ಹೊತ್ತಿಗೆ ಬಾಯಿ ಅರ್ಧಕ್ಕೆ ಸಿಕ್ಕಿಕೊಂಡರೆ. ಆಗ ಬಿಲ್ಲೆ ಹಿಂದಕ್ಕೆ ಬರದೆ ಎದುರಿಗೆ ಅಡ್ಡ ಕೂತಿರುತ್ತದೆ. ಇದಕ್ಕೆ ಬೇಗ ಬಂದಷ್ಟೂ ಒಳ್ಳೆಯದು.

ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಸುಲಭ. ನಿಮ್ಮದೇ ಕೈಯ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದರ್ಥ. ವಯಸ್ಕರಲ್ಲಿ ಇದು 40 ಮಿಲಿಮೀಟರಿಗಿಂತ ಹೆಚ್ಚಿರುತ್ತದೆ. ಕನ್ನಡಿಯಲ್ಲಿ ನೋಡುವಾಗ ಗದ್ದ ಒಂದು ಬದಿಗೆ ವಾಲಿ ಮತ್ತೆ ನಡುವಿಗೆ ಬಂದರೆ ಬಿಲ್ಲೆಯ ಜಾರಾಟ. ವಾಲಿದ್ದು ವಾಲಿಯೇ ಉಳಿದರೆ ಆ ಬದಿಯ ಕೀಲು ಹಿಡಿದಿದೆ ಎಂದು ಅನುಮಾನಿಸಬಹುದು. ಮರಳು ತಿಕ್ಕಿದಂಥ ಕರಕರ ಸದ್ದು ಸವೆತದ್ದು, ಹೆಚ್ಚಾಗಿ ವಯಸ್ಸಾದವರಲ್ಲಿ.

ಬಿಲ್ಲೆಯ ಬಗ್ಗೆ ಇಷ್ಟು ಬರೆದರೂ, ನೋವೆಂದು ಬರುವವರಲ್ಲಿ ಹೆಚ್ಚಿನವರ ತೊಂದರೆ ಸ್ನಾಯುಗಳದ್ದು. ಕೆನ್ನೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿದರೆ ಉಬ್ಬುವ ಆ ಗಟ್ಟಿ ಸ್ನಾಯು, ಕಣತಲೆಯಲ್ಲಿ ಹರಡಿಕೊಂಡಿರುವ ಇನ್ನೊಂದು. ದಿನವಿಡೀ ಊಟ, ಉಗುಳು ನುಂಗುವುದು ಎಲ್ಲ ಸೇರಿ ಹಲ್ಲಿಗೆ ಹಲ್ಲು ತಾಗುವುದು ಸುಮಾರು 20 ನಿಮಿಷಕ್ಕಿಂತ ಹೆಚ್ಚಿಲ್ಲ ಎಂಬುದು ದಂತಶಾಸ್ತ್ರದ ಹಳೆಯ ಲೆಕ್ಕ. ಉಳಿದ ಹೊತ್ತು ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇರಬೇಕು. ಇದನ್ನು ಓದುತ್ತಿರುವ ಈ ಗಳಿಗೆಯಲ್ಲಿ ನಿಮ್ಮ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿವೆಯೇ ಎಂದು ಒಮ್ಮೆ ಗಮನಿಸಿ.

ಮಣಿಪಾಲ, ದೇರಳಕಟ್ಟೆಯ ಹಾಸ್ಟೆಲ್‌ಗಳಿಂದ ಪರೀಕ್ಷೆಯ ಕಾಲಕ್ಕೆ ದವಡೆ ಹಿಡಿದುಕೊಂಡು ಬರುವ ವಿದ್ಯಾರ್ಥಿಗಳು, ರಾತ್ರಿ ಪಾಳಿಯ ದಾದಿಯರು, ಹಗಲಿಡೀ ತಲೆ ಬಗ್ಗಿಸಿ ಬೀಡಿ ಕಟ್ಟುವ ಮಹಿಳೆಯರು, ಗುಂಡುಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊಲಿಯುವ ದರ್ಜಿಗಳು, ಇವರಲ್ಲೆಲ್ಲ ನಾನು ಮೊದಲು ಹುಡುಕುವುದು ಈ ಕಚ್ಚುವ ಅಭ್ಯಾಸವನ್ನೇ. ಪ್ರಪಂಚದೆಲ್ಲೆಡೆ ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. "ಟೆನ್ಶನ್‌ನಿಂದ ಬಂದದ್ದು" ಎಂದು ಹೇಳಿ ಅವರನ್ನು ಮನೆಗೆ ಕಳಿಸುವ ವೈದ್ಯರ ಮೇಲೆ ನನಗೆ ಸಿಟ್ಟಿದೆ. ಒತ್ತಡದಿಂದ ಸ್ನಾಯು ಬಿಗಿಯುತ್ತದೆ, ನಿಜ. ಬಿಗಿದ ಸ್ನಾಯು ನೋಯುವುದೂ ಅಷ್ಟೇ ನಿಜ.

ಚಿಕಿತ್ಸೆ ಹೆಚ್ಚಿನವರಿಗೆ ಅಗ್ಗದ್ದು, ನಿಧಾನದ್ದು. ಕೆಲವು ವಾರ ಮೆತ್ತನೆಯ ಊಟ. ಈ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು: ಕುಚ್ಚಲಕ್ಕಿ ಗಂಜಿಯೂ ನೀರುದೋಸೆಯೂ ಇರುವ ಊರಿನಲ್ಲಿ ಪಥ್ಯ ಶಿಕ್ಷೆಯಾಗುವುದಿಲ್ಲ. ಕೋರಿ ರೊಟ್ಟಿ ತಿನ್ನಬಹುದೇ ಎಂದು ಕೇಳದೆ ಯಾರೂ ಏಳುವುದಿಲ್ಲ. ಸಾರಿನಲ್ಲಿ ನೆನೆದು ಮೆತ್ತಗಾದ ಮೇಲೆ ತಿನ್ನಿ, ಕುರುಕುರು ಇರುವಾಗ ಬೇಡ. ಹಲಸಿನ ಹಪ್ಪಳ, ಚಕ್ಕುಲಿ, ಚ್ಯೂಯಿಂಗ್ ಗಮ್, ಕಬ್ಬು ಕೆಲಕಾಲ ದೂರವಿರಲಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಶಾಖ, ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ. ನಾಲಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ತಾಗಿಸಿಟ್ಟು, ಅದು ಅಲ್ಲಿಂದ ಬಿಡದಂತೆ ನಿಧಾನವಾಗಿ ಬಾಯಿ ತೆರೆದು ಮುಚ್ಚುವ ವ್ಯಾಯಾಮ. ನೋವು ನಿವಾರಕ ಮಾತ್ರೆ ಕೆಲವೇ ದಿನ, ಅದೂ ಹೊಟ್ಟೆ ಮತ್ತು ಮೂತ್ರಪಿಂಡದ ತೊಂದರೆ ಇದೆಯೇ ಎಂದು ಕೇಳಿದ ಮೇಲೆ. ಕೆಲವರಿಗೆ ಫಿಸಿಯೋಥೆರಪಿ ಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಹಲ್ಲಿನ ಜೋಡಣೆಯ ಬಗ್ಗೆ. ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ತಜ್ಞ ಜೇಮ್ಸ್ ಕಾಸ್ಟೆನ್ 1934ರಲ್ಲಿ, ಹಿಂದಿನ ಹಲ್ಲುಗಳು ಬಿದ್ದು ದವಡೆ ಕುಸಿದದ್ದೇ ಈ ಕಿವಿನೋವಿಗೆ ಕಾರಣ ಎಂದು ಬರೆದರು. ಆ ವಿವರಣೆ ನಿಲ್ಲಲಿಲ್ಲ, ಆದರೆ ಅದರ ನೆರಳಿನಲ್ಲಿ ಹಲ್ಲುಗಳನ್ನು ತೀಡುವ, ಎಲ್ಲಕ್ಕೂ ಕ್ಯಾಪ್ ಹಾಕಿ ಎತ್ತರಿಸುವ ಚಿಕಿತ್ಸೆಗಳು ದಶಕಗಳ ಕಾಲ ನಡೆದವು. ಈಗಲೂ ನಡೆಯುತ್ತವೆ. ದವಡೆ ನೋವಿಗೆಂದು ಲಕ್ಷಾಂತರ ರೂಪಾಯಿಯ ಕ್ಯಾಪ್‌ಗಳ ಅಂದಾಜುಪಟ್ಟಿ ಕೈಗೆ ಬಂದರೆ ಇನ್ನೊಬ್ಬ ವೈದ್ಯರನ್ನು ಕೇಳಿ. ತೀಡಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ, ದೀರ್ಘಕಾಲದ ದವಡೆ ನೋವಿಗೆ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ನೋವಿನ ಜತೆ ಬದುಕುವುದನ್ನು ಕಲಿಸುವ ಮನೋಚಿಕಿತ್ಸೆ ಇವುಗಳನ್ನು ಮುಂದಿಟ್ಟು, ಬೊಟಾಕ್ಸ್ ಚುಚ್ಚುಮದ್ದು, ಕೀಲು ತೊಳೆಯುವುದು, ರಾತ್ರಿ ಮಲಗುವಾಗ ಹಲ್ಲುಗಳ ಮೇಲೆ ಹಾಕಿಕೊಳ್ಳುವ ಕವಚ ಅಂದರೆ ನೈಟ್ ಗಾರ್ಡ್ ಇವುಗಳನ್ನು ಹಿಂದಕ್ಕೆ ಸರಿಸಿತು. ನೈಟ್ ಗಾರ್ಡ್ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ನಿದ್ರೆಯಲ್ಲಿ ಹಲ್ಲು ಕಡಿದು ಸವೆಸಿಕೊಂಡವರಿಗೆ ಕೊಡುತ್ತೇನೆ, ಹಲ್ಲು ಉಳಿಸಲಿಕ್ಕೆ. ನೋವು ಅದರಿಂದಲೇ ಹೋಗುತ್ತದೆ ಎಂದು ಮಾತು ಕೊಡುವುದಿಲ್ಲ. ಎಂ.ಆರ್.ಐ. ಕೂಡ ಎಲ್ಲರಿಗೂ ಬೇಡ. ಬಾಯಿ ಸಿಕ್ಕಿಕೊಂಡವರಿಗೆ, ಕೆಲವು ತಿಂಗಳಲ್ಲಿ ಗುಣ ಕಾಣದವರಿಗೆ ಸಾಕು.

ನಮ್ಮ ಜಿಲ್ಲೆಗಳಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. ಬಾಯಿ ತೆರೆಯಲಾಗದವರೆಲ್ಲರದೂ ಕೀಲಿನ ತೊಂದರೆಯಲ್ಲ. ಅಡಿಕೆ ಬೆಳೆದು ಬದುಕುವ ಊರು ನಮ್ಮದು, ಈ ಮಾತು ಯಾರಿಗೂ ಹಿತವಾಗುವುದಿಲ್ಲ; ಆದರೂ ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಪದರ ನಿಧಾನವಾಗಿ ನಾರುಗಟ್ಟಿ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಒಳಗೆ ಬಿಳಿಚು, ಬೆರಳಿಟ್ಟರೆ ಪಟ್ಟಿಯಂತೆ ಗಟ್ಟಿ. ವರ್ಷ ಕಳೆದಂತೆ ಮೂರು ಬೆರಳಿನ ಬಾಯಿ ಎರಡಾಗುತ್ತದೆ, ಒಂದಾಗುತ್ತದೆ. ಕೀಲಿನಲ್ಲಿ ನೋವೇ ಇರುವುದಿಲ್ಲ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ತನ್ನ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಇಂಥವರಿಗೆ ದವಡೆಯ ವ್ಯಾಯಾಮ ಮಾತ್ರ ಹೇಳಿ ಕಳಿಸಿದರೆ ಅಪಾಯ.

ಹಾಗೆಯೇ ನಡೆಯುವಾಗ, ಮೆಟ್ಟಿಲು ಹತ್ತುವಾಗ ದವಡೆ ನೋವು ಬಂದು, ನಿಂತ ಕೂಡಲೇ ಕಡಿಮೆಯಾದರೆ ಹೃದಯದ ವೈದ್ಯರನ್ನು ಕಾಣಿ. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಶುರುವಾಗಿ, ಅಗಿಯುತ್ತಿದ್ದಂತೆ ದವಡೆ ಸೋತು, ದೃಷ್ಟಿ ಮಸುಕಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತನಾಳದ ಉರಿಯೂತವಾಗಿದ್ದರೆ ಕಣ್ಣೇ ಹೋಗಬಹುದು.

ತೆರೆದ ಬಾಯಿ ಮುಚ್ಚದೇ ಹೋಗುವುದು ಬೇರೆಯೇ ಕತೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಬಾಯಿ ಅಗಲಿಸಿ ಆಕಳಿಸಿದವರಿಗೆ ಗುಂಡುತಲೆ ಗುಳಿಯ ಏರು ದಾಟಿ ಮುಂದೆ ಸಿಕ್ಕಿಕೊಳ್ಳಬಹುದು. ಮನೆಯವರು ಗದ್ದಕ್ಕೆ ಗುದ್ದಿ ಮುಚ್ಚಿಸಲು ನೋಡುತ್ತಾರೆ, ಮಾಡಬೇಡಿ. ವೈದ್ಯರು ಹೆಬ್ಬೆರಳುಗಳನ್ನು ಕೆಳಗಿನ ಹಿಂದಿನ ಹಲ್ಲುಗಳ ಕಡೆ ಇಟ್ಟು ಮೊದಲು ಕೆಳಕ್ಕೆ ಒತ್ತಿ, ಆಮೇಲೆ ಹಿಂದಕ್ಕೆ ತಳ್ಳಿ ಕೂರಿಸುತ್ತಾರೆ. ಬೇಗ ಬಂದರೆ ಸುಲಭ, ತಡವಾದರೆ ಸ್ನಾಯು ಬಿಗಿದು ಅರಿವಳಿಕೆ ಬೇಕಾಗುತ್ತದೆ. ಮುಂದಿನ ಕೆಲವು ವಾರ ಆಕಳಿಕೆ ಬಂದಾಗ ಗದ್ದದ ಅಡಿಗೆ ಮುಷ್ಟಿ ಕೊಟ್ಟು ತಡೆಯಬೇಕು.

ಮಕ್ಕಳ ಬಗ್ಗೆ ಒಂದು ಮಾತು. ಅಂಗಳದಲ್ಲಿ ಜಾರಿ ಗದ್ದ ಕುಟ್ಟಿ ಬಿದ್ದ ಮಗುವಿಗೆ ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿ ಎಲ್ಲರೂ ಮರೆತುಬಿಡುತ್ತಾರೆ. ಪೆಟ್ಟು ಮೇಲಕ್ಕೆ ಹೋಗಿ ಕೀಲಿನ ಬಳಿ ಮೂಳೆ ಬಿರುಕು ಬಿಟ್ಟಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಅದು ಗಮನಕ್ಕೆ ಬಾರದೆ ಮೂಳೆಗೆ ಮೂಳೆ ಅಂಟಿಕೊಂಡರೆ ಬಾಯಿ ತೆರೆಯುವುದೂ ಕೆಳದವಡೆ ಬೆಳೆಯುವುದೂ ನಿಲ್ಲುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆ ಬಿಟ್ಟು ದಾರಿಯಿಲ್ಲ. ಹೊಲಿಗೆ ಬಿಚ್ಚಿಸುವ ದಿನ ಮಗುವಿನ ಬಾಯಿ ಎಷ್ಟು ತೆರೆಯುತ್ತದೆ, ಗದ್ದ ಒಂದು ಬದಿಗೆ ವಾಲುತ್ತದೆಯೇ ಎಂದು ನೋಡುವಂತೆ ವೈದ್ಯರನ್ನು ಕೇಳಿ.