ಉಪ್ಪುನೀರು ಕುಡಿದ ಎಂಜಿನ್‌ಗಳು

ನೂರು ವರ್ಷದ ಹಿಂದೆ ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಮೀನುಗಾರಿಕೆ ದೋಣಿಗಳಲ್ಲಿ ಒಂಟಿ ಸಿಲಿಂಡರಿನ ಪೆಟ್ರೋಲ್ ಎಂಜಿನ್‌ಗಳು ಓಡುತ್ತಿದ್ದವು. ಬಹಳಷ್ಟಕ್ಕೆ ಗೇರ್ ಪೆಟ್ಟಿಗೆಯೇ ಇರಲಿಲ್ಲ. ಹಾಗಾದರೆ ದೋಣಿಯನ್ನು ಹಿಂದಕ್ಕೆ ಸರಿಸುವುದು ಹೇಗೆ? ಮೀನುಗಾರ ಮೊದಲು ಸ್ವಿಚ್ ಆರಿಸುತ್ತಿದ್ದ. ಎಂಜಿನ್‌ನೊಡನೆ ತಿರುಗುವ ಭಾರಿ ಚಕ್ರ, ಫ್ಲೈವೀಲ್, ನಿಧಾನವಾಗಿ, ಇನ್ನೇನು ನಿಂತೇಬಿಟ್ಟಿತು ಅನ್ನುವಾಗ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಮತ್ತೆ ಸ್ವಿಚ್ ಹಾಕುತ್ತಿದ್ದ. ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿ, ಎಂಜಿನ್ ಒದ್ದುಕೊಂಡು ಉಲ್ಟಾ ತಿರುಗುತ್ತಿತ್ತು, ಅದರೊಡನೆ ದೋಣಿಯ ಪ್ರೊಪೆಲರ್ ಕೂಡ. ಗಳಿಗೆ ತಪ್ಪಿದರೆ ದೋಣಿ ಹೋಗಿ ಬಂದರಿನ ಧಕ್ಕೆಗೆ ಗುದ್ದಿತೆಂದೇ ಲೆಕ್ಕ.

ಇದು ಸಾಧ್ಯವಾದದ್ದು ಟೂ-ಸ್ಟ್ರೋಕ್ ರಚನೆಯಿಂದ. ಇಂಥ ಎಂಜಿನ್‌ನಲ್ಲಿ ಕ್ಯಾಮ್ ಇಲ್ಲ, ಅದು ಎತ್ತಿ ಇಳಿಸುವ ವಾಲ್ವ್‌ಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಎಂಜಿನ್ ಎತ್ತ ತಿರುಗಿದರೂ ಅವಕ್ಕೆ ಒಂದೇ. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ಈ ವಿನ್ಯಾಸ ಬೇಗನೆ ಅಟ್ಲಾಂಟಿಕ್ ದಾಟಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಪಾಮರ್ ಮತ್ತು ಲೇತ್ರಪ್, ನೋವಾ ಸ್ಕೋಷಿಯಾದಲ್ಲಿ ಅಕೇಡಿಯಾ ಮತ್ತು ಲುನೆನ್‌ಬರ್ಗ್ ಫೌಂಡ್ರಿ ಕಂಪನಿಗಳು ಇಂಥ ದೋಣಿ ಎಂಜಿನ್‌ಗಳಿಗೆ ಹೆಸರಾದವು.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಇವುಗಳ ಕಿಡಿಯ ವ್ಯವಸ್ಥೆ, ಮೇಕ್-ಅಂಡ್-ಬ್ರೇಕ್. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಒಳಗೇ ಎರಡು ಲೋಹದ ಮೊನೆಗಳು ಒಂದಕ್ಕೊಂದು ತಾಗಿ ಕೂತಿರುತ್ತವೆ. ಬ್ಯಾಟರಿಯ ಕರೆಂಟ್ ಒಂದು ಕಾಯಿಲ್ (ತಂತಿಯ ಸುರುಳಿ) ಮೂಲಕ ಅವುಗಳಿಗೆ ಹರಿಯುತ್ತದೆ. ಎಂಜಿನ್ ತಿರುಗುತ್ತಾ ಬಂದು ತಕ್ಕ ಸಮಯಕ್ಕೆ ಮೊನೆಗಳನ್ನು ಫಟ್ಟನೆ ಬಿಡಿಸುತ್ತದೆ. ಕಾಯಿಲ್‌ನ ಕಾಂತಕ್ಷೇತ್ರ ಕುಸಿಯುವಾಗ ಕರೆಂಟನ್ನು ಹಾಗೆಯೇ ಮುಂದೆ ತಳ್ಳುವುದರಿಂದ ಆ ಸಂದಿಯಲ್ಲಿ ಕಿಡಿ ಹಾರುತ್ತದೆ. ಸ್ಪಾರ್ಕ್ ಪ್ಲಗ್‌ಗಾದರೆ ಸಾವಿರಾರು ವೋಲ್ಟ್ ಬೇಕು; ಉಪ್ಪುನೀರು ಸಿಡಿದು ಒದ್ದೆಯಾದ ತಂತಿಯಲ್ಲಿ ಅದು ದಾರಿಯಲ್ಲೇ ಸೋರಿಹೋಗುತ್ತದೆ. ಇಲ್ಲಿ ವೋಲ್ಟೇಜ್ ಕಡಿಮೆ, ಸೋರುವ ಭಯವೂ ಕಡಿಮೆ. ಹಿಂದುಳಿದ ತಂತ್ರವೆಂದು ಇದನ್ನು ಮೂದಲಿಸುವವರು ಸಮುದ್ರವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇಂಥದೊಂದು ಎಂಜಿನ್ ತುಕ್ಕು ಹಿಡಿದ ಸ್ಥಿತಿಯಲ್ಲಿ ಕೈಗೆ ಸಿಕ್ಕಿತೆನ್ನಿ. ಉಜ್ಜಿ ಹೊಳಪು ಕೊಡುವ ಆತುರವೇ ಇದಕ್ಕೆ ತುಕ್ಕಿಗಿಂತ ದೊಡ್ಡ ಶತ್ರು. ಹೆಸರಿನ ಹಿತ್ತಾಳೆ ಫಲಕ ಎಷ್ಟೋ ಸಲ ಕಳೆದುಹೋಗಿರುತ್ತದೆ. ಆಗ ಅಂಕಿಗಳನ್ನು ಹುಡುಕಬೇಕು. ಉಬ್ಬಿಕೊಂಡಿರುವ ಅಂಕಿ ಎರಕದ ಅಚ್ಚಿನದು. ಆ ಮಾದರಿಯ ಎಲ್ಲ ಎಂಜಿನ್‌ಗಳಲ್ಲೂ ಅದೇ ಇರುತ್ತದೆ. ಉಕ್ಕಿನ ಪಂಚ್‌ನಿಂದ ಕುಟ್ಟಿ ಒತ್ತಿದ ಅಂಕಿ ಆ ಒಂದು ಎಂಜಿನ್‌ನದೇ ಆಗಿರುವ ಸಾಧ್ಯತೆ ಹೆಚ್ಚು. ಹೊಸಬರು ಇವೆರಡನ್ನೂ ಅದಲುಬದಲು ಮಾಡಿಕೊಳ್ಳುವುದೇ ಜಾಸ್ತಿ. ಸಿಲಿಂಡರಿನ ವ್ಯಾಸ, ಪಿಸ್ಟನ್ ಓಡಾಡುವ ದೂರ ಅಳೆದು ಹಳೆಯ ಕ್ಯಾಟಲಾಗು, ದೋಣಿ ಪತ್ರಿಕೆಗಳ ಜಾಹೀರಾತುಗಳ ಜತೆ ತಾಳೆ ನೋಡಬೇಕು. ಫಲಕ ಉಳಿದಿದ್ದರೆ ಅದರ ಅಡಿಯಲ್ಲಿ ಬಿಸಿಲು ಕಾಣದ ಮೂಲ ಬಣ್ಣದ ಚೂರೂ ಸಿಗಬಹುದು. ಹಳೆಯ ಬಣ್ಣದಲ್ಲಿ ಸೀಸ, ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇದ್ದೀತು. ಒಣಗಿದ್ದನ್ನು ಕೆರೆದು ಧೂಳೆಬ್ಬಿಸಬಾರದು.

ಇವುಗಳಲ್ಲಿ ಹೆಚ್ಚಿನವನ್ನು ತಂಪಾಗಿಡುತ್ತಿದ್ದದ್ದು ನೇರವಾಗಿ ಸಮುದ್ರದ ನೀರೇ. ಆ ಉಪ್ಪುನೀರು ಎರಕದ ಕಬ್ಬಿಣಕ್ಕೆ ಮಾಡುವ ಕೇಡು ವಿಚಿತ್ರ. ಕಬ್ಬಿಣದ ಅಂಶ ಮಾತ್ರ ಕರಗಿಹೋಗಿ, ಅದರೊಳಗಿನ ಗ್ರಾಫೈಟ್ ತುಕ್ಕಿನೊಡನೆ ಅದೇ ಆಕಾರದಲ್ಲಿ ಉಳಿದುಬಿಡುತ್ತದೆ. ನೋಡಲು ಭಾಗ ಗಟ್ಟಿಮುಟ್ಟಾಗಿಯೇ ಇರುತ್ತದೆ. ಚಾಕುವಿನಿಂದ ಗೀರಿದರೆ ಪೆನ್ಸಿಲ್ ಕಡ್ಡಿಯಂತೆ ಕಪ್ಪಗೆ, ಮೆತ್ತಗೆ ಏಳುತ್ತದೆ. ಅದಕ್ಕೆ ಮದ್ದಿಲ್ಲ. ಇನ್ನೊಂದು ಅಪಾಯ ಚಳಿಗಾಲದ್ದು. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ. ಒಳಗಿನ ನೀರನ್ನು ಖಾಲಿ ಮಾಡದೆ ಬಿಟ್ಟ ಎಂಜಿನ್‌ನ ಹೊರಗೋಡೆ ಸೀಳಿರುತ್ತದೆ.

ಬರಿಯ ತುಕ್ಕಾದರೆ ವಿದ್ಯುತ್ತಿನಿಂದಲೇ ಬಿಡಿಸಬಹುದು. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬಿಡಿಭಾಗವನ್ನು ಮುಳುಗಿಸಿ ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಬೇಡದ ಉಕ್ಕಿನ ತುಂಡೊಂದನ್ನು ಧನ ತುದಿಗೂ ಜೋಡಿಸಿದರೆ ತುಕ್ಕು ಸಡಿಲಗೊಂಡು ಉದುರುತ್ತದೆ, ಗಟ್ಟಿ ಲೋಹ ಸವೆಯುವುದಿಲ್ಲ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಸೇರುತ್ತವೆ. ಹೈಡ್ರೋಜನ್ ಗುಳ್ಳೆಗಳೂ ಏಳುವುದರಿಂದ ಗಾಳಿಯಾಡುವ ಜಾಗ ಬೇಕೇ ಬೇಕು.

ಕೊನೆಗೆ ಕಾಡುವುದು ಕಾರ್ಬ್ಯುರೇಟರ್. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ (ತೇಲುವ ಬಿಲ್ಲೆ) ಇರುವ ಹಳೆಯ ಮಾದರಿಗಳಲ್ಲಿ ಅದು ಅರಗು ಬಳಿದ ಕಾರ್ಕ್‌ನದು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಆ ಅರಗನ್ನು ಕರಗಿಸುತ್ತದೆ. ಕಾರ್ಕ್ ಪೆಟ್ರೋಲ್ ಹೀರಿ ಮುಳುಗುತ್ತದೆ, ಪೆಟ್ರೋಲನ್ನು ಒಳಬಿಡುವ ಸೂಜಿ ವಾಲ್ವ್ ಮುಚ್ಚುವುದಿಲ್ಲ, ಪೆಟ್ರೋಲ್ ಉಕ್ಕಿ ದೋಣಿಯ ತಳಕ್ಕೆ ಇಳಿಯುತ್ತದೆ. ಅದರ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತು ಒಂದು ಕಿಡಿಗೆ ಕಾಯುತ್ತದೆ. ಕಾರ್ಬ್ಯುರೇಟರಿಗೆ ಜ್ವಾಲೆ ತಡೆಯುವ ಜಾಲರಿ ಇರಲೇಬೇಕೆಂದು ಅಮೆರಿಕ 1940ರಲ್ಲಿ ಕಾನೂನು ಮಾಡಿತು. ಈ ಎಂಜಿನ್‌ಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನವು. ಹಾಗಾಗಿ ಮೊದಲ ಸಲ ಚಾಲೂ ಮಾಡುವುದು ದೋಣಿಯಲ್ಲಲ್ಲ. ಬಯಲಿನಲ್ಲಿ, ದಪ್ಪ ಮರದ ತೊಲೆಗಳಿಗೆ ಎಂಜಿನ್ನನ್ನು ಬಿಗಿದು, ಬಕೆಟ್‌ನಿಂದ ತಣ್ಣೀರು ಹರಿಸಿಕೊಂಡು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಫ್ಲೈವೀಲ್‌ಗೆ ಕೈ ಹಾಕಬೇಕು.