ಸಿಇಟಿ ವೇಟಿಂಗ್ ಲಿಸ್ಟ್‌ನ್ಯಾಗ ನಮ್ದು ಎಷ್ಟನೇ ನಂಬರ್? ಕಾಯಬೇಕೋ ಬ್ಯಾಡೋ?

ಪ್ರಶ್ನೆ: "ಸರ್, ನಮ್ದು ಆಳಂದ ತಾಲ್ಲೂಕು. ನನ್ನ ತಮ್ಮಗ ಸಿಇಟಿ ಫಸ್ಟ್ ರೌಂಡ್‌ನ್ಯಾಗ ಬೀದರ್ ಕಡಿ ಒಂದು ಕಾಲೇಜಿನ್ಯಾಗ ಸಿವಿಲ್ ಸಿಕ್ಕದ. ಅವಂಗ ಕಲಬುರಗಿ ಪಿಡಿಎ ಕಾಲೇಜಿನ್ಯಾಗ ಕಂಪ್ಯೂಟರ್ ಸೈನ್ಸೇ ಬೇಕಂತ. ವೇಟಿಂಗ್ ಲಿಸ್ಟ್‌ನ್ಯಾಗ ಅವನ ನಂಬರ್ ಎಷ್ಟು ಅಂತ ಎಲ್ಲಿ ನೋಡೋದು? ಚಾಯ್ಸ್ 2 ಕೊಡೋಣೋ 3 ಕೊಡೋಣೋ?"

ಈ ಪ್ರಶ್ನಿ ಪ್ರತಿ ವರ್ಷ ಬರ್ತದ, ಬೀದರ್‌ಲಿಂದ ಬರ್ತದ, ಶಹಾಪುರದಿಂದ ಬರ್ತದ, ಊರು ಬ್ಯಾರೆ ಅಷ್ಟೇ. ಅದಕ್ಕ ಮೊದಲ ಮಾತು ಸೀದಾ ಹೇಳಿಬಿಡ್ತೀನಿ: ಕೆಇಎದಾಗ (ಸಿಇಟಿ ನಡೆಸಿ ಸೀಟು ಹಂಚೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೇಟಿಂಗ್ ಲಿಸ್ಟ್ ಅನ್ನೋದೇ ಇಲ್ರಿ. ನಿಮ್ಮ ತಮ್ಮನ ಹೆಸರು ಎಲ್ಲೂ 47ನೇ ನಂಬರಿಗೆ ಕುಂತು ಕಾಯಕತ್ತಿಲ್ಲ. ಪ್ರತಿ ರೌಂಡ್‌ಗೂ ಕಂಪ್ಯೂಟರ್ ಮೊದಲಿಂದ ರ‍್ಯಾಂಕ್ ಪ್ರಕಾರ ಬರ್ತದ, ಒಬ್ಬೊಬ್ಬರ ಆಪ್ಷನ್ ಲಿಸ್ಟ್ (ಬೇಕಾದ ಕಾಲೇಜು, ಬ್ರಾಂಚ್ ಬರೆದುಕೊಟ್ಟ ಪಟ್ಟಿ) ಮ್ಯಾಲಿಂದ ಕೆಳಗ ನೋಡ್ತದ, ಯಾವ ಸೀಟು ಖಾಲಿ ಅದ, ಇವನ ಕೆಟಗರಿಗೆ ಸಿಗ್ತದೋ ಇಲ್ಲೋ ಅಂತ ನೋಡಿ ಕೊಡ್ತದ. ಅಷ್ಟೇ. ಅಂದ್ರ ಕಾಯೋದು ಅಂದ್ರೇನು? ನಿಮಗಿಂತ ಮುಂದಿನ ರ‍್ಯಾಂಕಿನವ್ರು ಯಾರೋ ಎದ್ದು ಹೋಗೋದನ್ನ ಕಾಯೋದು, ಮತ್ತ ಅವ್ರು ಎದ್ದು ಹೋಗೋ ಹೊತ್ತಿಗೆ ನೀವು ಇನ್ನಾ ಆಟದಾಗ ಇರೋದು.

ಅವ್ರು ಎದ್ದು ಎಲ್ಲಿ ಹೋಗ್ತಾರ? ಇದು ತಿಳ್ಕೊಂಡ್ರ ಅರ್ಧ ಟೆನ್ಶನ್ ಕಮ್ಮಿ ಆಗ್ತದ. ಎಂಜಿನಿಯರಿಂಗ್ ಸೀಟು ಹಿಡ್ಕೊಂಡು ನೀಟ್ ದಾರಿ ನೋಡೋರು ಭಾಳ ಮಂದಿ ಇರ್ತಾರ, ಅದರಾಗೂ ಬೀದರ್ ಅಂತೂ ಈಗ ನೀಟ್ ಕೋಚಿಂಗ್ ಊರೇ ಆಗಿಹೋಗ್ಯದ. ಸರ್ಕಾರಿ ಮೆಡಿಕಲ್ ಕಾಲೇಜಿನ 15% ಸೀಟು ದಿಲ್ಲಿಯ ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ಕಡಿಂದ ತುಂಬ್ತಾವ, ಉಳಿದದ್ದು ಕೆಇಎ ಕಡಿಂದ. ಅಲ್ಲಿ ಒಬ್ಬಗ ಕಲಬುರಗಿ ಜಿಮ್ಸ್ ಅಥವಾ ಬೀದರ್ ಬ್ರಿಮ್ಸ್‌ನ್ಯಾಗ ಎಂಬಿಬಿಎಸ್ ಸಿಕ್ತು ಅಂದ್ರ ಇಲ್ಲಿ ಅವನ ಕಂಪ್ಯೂಟರ್ ಸೈನ್ಸ್ ಖಾಲಿ. ಇನ್ನೊಬ್ಬ ಜೆಇಇ ಬರೆದವ ಸುರತ್ಕಲ್ ಎನ್ಐಟಿಗೋ ರಾಯಚೂರು ಐಐಐಟಿಗೋ ಹೋಗ್ತಾನ, ಮತ್ತೊಬ್ಬಳಿಗೆ ಕಾಮೆಡ್-ಕೆದಾಗ (ಖಾಸಗಿ ಕಾಲೇಜುಗಳ ಬ್ಯಾರೆ ಪರೀಕ್ಷೆ) ಬೆಂಗಳೂರಿನ ಕಾಲೇಜು ಸಿಗ್ತದ, ಅವರಪ್ಪ ದುಡ್ಡು ಕಟ್ತಾನ. ಪಿಡಿಎದಾಗ ಒಂದು ಸೀಟು ಅಲುಗಾಡಬೇಕಂದ್ರ ಎಲ್ಲೆಲ್ಲೋ ಇಷ್ಟೆಲ್ಲಾ ನಡಿಬೇಕು, ಇದರಾಗ ಕಾಲೇಜಿನ ಪ್ರಿನ್ಸಿಪಾಲ್‌ಗ ಹೋಗಿ ಕೈಮುಗಿದ್ರ ಏನೂ ಆಗಲ್ಲ.

ಈಗ ಚಾಯ್ಸ್. 1 ಅಂದ್ರ ನನಗ ಇದೇ ಸಾಕು, ಫೀಸ್ ಕಟ್ಟಿ ಕಾಲೇಜಿಗೆ ಹೋಗ್ತೀನಿ, ಮುಂದಿನ ರೌಂಡ್ ಬ್ಯಾಡ. 4 ಅಂದ್ರ ಎಲ್ಲಾ ಬಿಟ್ಟು ಹೊರಗ. ಇವೆರಡಕ್ಕ ಯಾರಿಗೂ ಡೌಟ್ ಇರಲ್ಲ. ತಲಿ ಕೆಡೋದು 2 ಮತ್ತ 3ರಾಗ. ಚಾಯ್ಸ್ 2 ಅಂದ್ರ ಬಸ್‌ನ್ಯಾಗ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂಗ, ಸಿಕ್ಕಿದ್ದು ನಿಮ್ಮದೇ ಇರ್ತದ, ಮುಂದ ಒಳ್ಳೇದು ಖಾಲಿ ಆದ್ರ ಅಲ್ಲಿಗೆ ಹೋಗ್ತೀರಿ, ಹಳೇದು ತಾನೇ ಕ್ಯಾನ್ಸಲ್ ಆಗ್ತದ. ಚಾಯ್ಸ್ 3 ಅಂದ್ರ ಸಿಕ್ಕಿದ್ದು ಬಿಟ್ಟುಕೊಟ್ಟು ಬರೀಗೈಲೆ ಮುಂದಿನ ರೌಂಡಿಗೆ ನಿಲ್ಲೋದು. ಮುಂದ ಏನೂ ಸಿಗಲಿಲ್ಲಂದ್ರ ಆ ಸಿವಿಲ್ ಸೀಟು ಕೇಳಿದ್ರೂ ವಾಪಸ್ ಬರಲ್ಲ, ಅದು ಆಗ್ಲೇ ಬ್ಯಾರೆಯವರ ಪಾಲು. ಮ್ಯಾಲಿನ ಸೀಟು ಸಿಗೋ ಚಾನ್ಸು ಎರಡರಾಗೂ ಒಂದೇ, 3 ಕೊಟ್ಟವರಿಗೆ ಪ್ರಯಾರಿಟಿ ಅಂತ ಯಾರೋ ಹೇಳ್ತಾರಲ್ಲ ಅದು ಸುಳ್ಳು, ರ‍್ಯಾಂಕೇ ಪ್ರಯಾರಿಟಿ. ಅದಕ್ಕ ನಾ ಹೇಳೋದು, ಸಿಕ್ಕ ಸೀಟಿಗೆ ಹೋಗಾಕ ಸ್ವಲ್ಪರೆ ಮನಸ್ಸು ಇದ್ರ 2 ಕೊಡ್ರಿ. ಫೀಸ್ ಕಟ್ಟಬೇಕು, ಖರೇ, ಆ ದುಡ್ಡು ಒಟ್ಟು ಮಾಡೋದೂ ಎಲ್ಲಾ ಮನ್ಯಾಗ ಸುಲಭ ಇಲ್ಲ. ಸಿವಿಲ್‌ಗ ಸತ್ರೂ ಹೋಗಲ್ಲ ಅನ್ನೋನು, ಇಲ್ಲಾ ಬ್ಯಾರೆ ಕಡಿ ಅಡ್ಮಿಷನ್ ಪಕ್ಕಾ ಇರೋನು ಮಾತ್ರ 3ಕ್ಕ ಕೈ ಹಾಕ್ಲಿ. ಯಾವುದೂ ಒತ್ತದೆ ಲಾಸ್ಟ್ ಡೇಟ್ ದಾಟಿಸಿದ್ರ ಸೀಟು ಹೋಗ್ತದ, ಇದು ಹೇಳಬೇಕಾ ಅನ್ನಬ್ಯಾಡ್ರಿ, ಆಗ್ತದ.

ಚಾಯ್ಸ್ 2ರಾಗ ಒಂದು ಮುಳ್ಳು ಅದ. ಲಿಸ್ಟಿನ್ಯಾಗ ಈಗ ಸಿಕ್ಕ ಸೀಟಿಗಿಂತ ಮ್ಯಾಲೆ ಏನೇನು ಬರೆದೀರಿ ಅದೆಲ್ಲಾ ನಿಮಗ "ಬೆಟರ್" ಅಂತ ಕಂಪ್ಯೂಟರ್ ತಿಳ್ಕೋತದ. ನೆಟ್ ಸೆಂಟರ್‌ನ್ಯಾಗ ಅವಸರದಾಗ ಯಾವುದೋ ದೂರದ ಕಾಲೇಜಿನ ಯಾವುದೋ ಬ್ರಾಂಚ್ 9ನೇ ನಂಬರಿಗೆ ಹಾಕಿ, ಬೀದರ್ ಸಿವಿಲ್ 14ಕ್ಕ ಇದ್ರ, ಎರಡನೇ ರೌಂಡ್‌ನ್ಯಾಗ ಆ 9ನೇದು ಸಿಕ್ಕೇ ಸಿಗಬಹುದು, ಆವಾಗ ಬೀದರ್ ಹೋಯ್ತು, ನನಗ ಅದು ಬ್ಯಾಡಾಗಿತ್ತು ಅಂದ್ರ ಕೇಳೋರಿಲ್ಲ. ಅದಕ್ಕ ಎರಡನೇ ರೌಂಡಿಗೆ ಮೊದಲು ಆಪ್ಷನ್ ತಿದ್ದಾಕ ಟೈಮ್ ಕೊಟ್ಟಾಗ ಬ್ಯಾಡಾದ್ದು ತಗದು ಬಿಡ್ರಿ. ಏನು ತಿದ್ದಬಹುದು ಏನು ತಿದ್ದಬಾರ್ದು ಅನ್ನೋದು ಆ ವರ್ಷದ ಕೆಇಎ ಸೂಚನೆದಾಗ ಇರ್ತದ, ಕನ್ನಡದಾಗೂ ಇರ್ತದ, ನಿಮ್ಮ ಕಣ್ಣಿಂದ ಓದ್ರಿ. ಪಾಸ್‌ವರ್ಡ್ ಮತ್ತ ಮೊಬೈಲ್ ನಂಬರ್ ನೆಟ್ ಸೆಂಟರ್‌ನವಂದು ಹಾಕಿಸಿ ಬರಬ್ಯಾಡ್ರಪ್ಪಾ.

ನಂಬರ್ ಇಲ್ಲಂದ್ರ ಚಾನ್ಸ್ ಎಷ್ಟದ ಅಂತ ಗೊತ್ತಾಗೋದು ಹೆಂಗ? ಹೋದ ವರ್ಷದ ಕಟಾಫ್ (ಸೀಟು ಸಿಕ್ಕ ಕೊನಿ ರ‍್ಯಾಂಕ್) ಪಿಡಿಎಫ್ ಕೆಇಎ ವೆಬ್‌ಸೈಟಿನ್ಯಾಗ ರೌಂಡ್‌ವಾರು ಸಿಗ್ತಾವ. ಒಂದೇ ಕಾಲೇಜು, ಒಂದೇ ಬ್ರಾಂಚು, ನಿಮ್ಮದೇ ಕೆಟಗರಿ, ಮೊದಲ ರೌಂಡ್ ಎಲ್ಲಿಗೆ ನಿಂತದ, ಕೊನಿ ರೌಂಡ್ ಎಲ್ಲಿ ತನಕ ಇಳಿದದ ನೋಡ್ರಿ. ಸುಮ್ಮನ ಲೆಕ್ಕಕ್ಕ ಹೇಳ್ತೀನಿ, ಮೊದಲಿಗೆ 20,000ಕ್ಕ ನಿಂತದ್ದು ಕೊನಿಗೆ 26,000 ತನಕ ಹೋಗಿದ್ರ, ನಿಮ್ಮ ತಮ್ಮಂದು 24,000 ಇದ್ರ ಕಾಯೋದ್ರಾಗ ಅರ್ಥ ಅದ, 45,000 ಇದ್ರ ಬ್ಯಾರೆ ಬ್ರಾಂಚ್ ಯೋಚನೆ ಮಾಡ್ರಿ. ಎರಡು ಮೂರು ವರ್ಷದ್ದು ನೋಡಿದ್ರ ಇನ್ನೂ ಛಲೋ, ಯಾಕಂದ್ರ ಸೀಟು ಕಮ್ಮಿ ಇರೋ ಕೆಟಗರಿದಾಗ ಒಬ್ಬಿಬ್ಬರು ಬಿಟ್ರೂ ಕಟಾಫ್ ಜಿಗಿತದ.

ಮತ್ತ ನೋಡೋವಾಗ ಎಚ್‌ಕೆ (ಹೈದರಾಬಾದ್-ಕರ್ನಾಟಕ, ಅಂದ್ರ ನಮ್ಮ ಭಾಗದ) ಕಟಾಫ್ ನೋಡ್ರಿ! ಬೆಂಗಳೂರು ಯೂಟ್ಯೂಬರ್ ತೋರಿಸೋದು ಸಾಮಾನ್ಯ ಕಟಾಫ್, ಅದು ನೋಡಿ ನಮ್ಮ ಹುಡುಗರು ಸುಮ್ಮನ ಎದಿ ಒಡಕೋತಾವ. ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಕಲಮು ಬಂದ ಮ್ಯಾಲೆ, ಅಂದ್ರ 2013ರ ಆದೇಶದ ಪ್ರಕಾರ, ನಮ್ಮ ಭಾಗದ ಕಾಲೇಜಿನ್ಯಾಗ 70% ಸೀಟು ಸ್ಥಳೀಯರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆದಾಗ 8%. ಹೆಸರು ಕಲ್ಯಾಣ ಕರ್ನಾಟಕ ಅಂತ 2019ಕ್ಕ ಬದಲಾದ್ರೂ ಮಂದಿ ಇನ್ನಾ ಎಚ್‌ಕೆ ಕೋಟಾ ಅಂತನೇ ಅಂತಾರ. ಇದಕ್ಕ ಅಸಿಸ್ಟೆಂಟ್ ಕಮಿಷನರ್ ಕೊಡೋ ಅರ್ಹತಾ ಪ್ರಮಾಣಪತ್ರ ಬೇಕು, ಆಳಂದದವ್ರಿಗೆ ಕಲಬುರಗಿ ಎಸಿ ಆಫೀಸು. ಆದ್ರ ಸರ್ಟಿಫಿಕೇಟ್ ಮನ್ಯಾಗ ಟ್ರಂಕಿನ್ಯಾಗ ಇದ್ರ ಸಾಲಲ್ಲ, ಅಪ್ಲಿಕೇಶನ್‌ದಾಗ ಕ್ಲೇಮ್ ಮಾಡಿ, ವೆರಿಫಿಕೇಶನ್ ಆಗಿರಬೇಕು. ನಿಮ್ಮ ತಮ್ಮನ ವೆರಿಫಿಕೇಶನ್ ಸ್ಲಿಪ್‌ನ್ಯಾಗ ಅದು ಬಂದದೋ ಇಲ್ಲೋ ಇವತ್ತೇ ನೋಡ್ರಿ, ಇಲ್ಲಂದ್ರ ಮ್ಯಾಲಿನ ಲೆಕ್ಕ ಎಲ್ಲಾ ಬ್ಯಾರೆ ಆಗ್ತದ. ಎಚ್‌ಕೆ ಹಾಕಿದ್ರ 2ಎ ಹೋಗ್ತದ, ರೂರಲ್ ಹೋಗ್ತದ ಅಂತ ಅಂಜಿಕೊಳ್ಳೋರು ಇದ್ದಾರ, ಹಂಗೇನಿಲ್ಲ, ಅವೂ ಇರ್ತಾವ.

ಈ ಟೈಮಿನ್ಯಾಗ ಫೋನ್ ಬರ್ತಾವ. "ನಿಮ್ಮ ಹುಡುಗನ ಹೆಸರು ವೇಟಿಂಗ್‌ನ್ಯಾಗ ಮ್ಯಾಲೆ ತರ್ತೀವಿ, ಇಷ್ಟು ಕೊಡ್ರಿ" ಅಂತ. ಲಿಸ್ಟೇ ಇಲ್ಲ, ಮ್ಯಾಲೆ ತರೋದು ಏನು? ಮ್ಯಾನೇಜ್‌ಮೆಂಟ್ ಸೀಟು ಬೇಕಂದ್ರ ಅದು ಬ್ಯಾರೆ ವ್ಯವಹಾರ, ಸೀದಾ ಕಾಲೇಜ್ ಆಫೀಸಿಗೆ ಹೋಗಿ ರಸೀದಿ ಮ್ಯಾಲೆ ಮಾತಾಡ್ರಿ, ನಡುವಿನವಂಗ ಫೋನ್ ಪೇ ಮಾಡಬ್ಯಾಡ್ರಿ. ಇನ್ನ ಕೆಲವು ಹುಡುಗರು ಇಂಗ್ಲಿಷ್ ವಿಡಿಯೋ ನೋಡಿ "ನಾ ಕಾಲೇಜಿಗೆ ಲೆಟರ್ ಬರೀಲೇನು, ನನಗ ಇನ್ನಾ ಇಂಟರೆಸ್ಟ್ ಅದ ಅಂತ" ಕೇಳ್ತಾರ. ಅದು ಅಮೆರಿಕಾದ ಪದ್ಧತಿ, ಅಲ್ಲಿ ಖರೇನೇ ವೇಟ್‌ಲಿಸ್ಟ್ ಇರ್ತದ, ಬಹಳಷ್ಟು ಕಡಿ ಅದಕ್ಕ ನಂಬರೂ ಇರಲ್ಲ, ಯಾರನ್ನ ತಗೋಬೇಕು ಅಂತ ಆಫೀಸಿನ ಮಂದಿ ಕುಂತು ನಿರ್ಧಾರ ಮಾಡ್ತಾರ, ಅದಕ್ಕ ಪತ್ರಕ್ಕ ಬೆಲಿ. ಇಲ್ಲಿ ಸಾಫ್ಟ್‌ವೇರ್ ಪತ್ರ ಓದಲ್ಲ.

ನಮ್ಮ ಕಡಿ ಖರೇ ವೇಟಿಂಗ್ ಲಿಸ್ಟ್ ನೋಡ್ಬೇಕಂದ್ರ ಡಿಗ್ರಿ ಕಾಲೇಜು, ಪಿಜಿ ಅಡ್ಮಿಷನ್‌ಗ ಹೋಗ್ರಿ, ಅಲ್ಲಿ ನೋಟಿಸ್ ಬೋರ್ಡಿಗೆ ಹಚ್ತಾರ. ಅಲ್ಲಿ ಆಟ ಪೂರಾ ಉಲ್ಟಾ, ಹೆಸರು ಕೂಗಿದಾಗ ಎದುರಿಗೆ ಇರಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿಸಿ, ಕಾಸ್ಟ್ ಸರ್ಟಿಫಿಕೇಟ್, ಫೀಸು ಕೈಯಾಗ ಇರಬೇಕು. ಟಿಸಿ ಹಳೇ ಕಾಲೇಜಿನ್ಯಾಗ ಅದ, ನಾಳೆ ತರ್ತೀನಿ ಅಂದ್ರ ಮುಂದಿನ ಹೆಸರು ಕೂಗ್ತಾರ. ತಮ್ಮಗ ಎಂಜಿನಿಯರಿಂಗ್ ಆಗಲಿಲ್ಲಂದ್ರ ಬಿಎಸ್‌ಸಿ ಅಂತ ಮನಸ್ಸಿನ್ಯಾಗ ಇದ್ರ ಆ ಅರ್ಜಿನೂ ಈಗಲೇ ಹಾಕಿಡ್ರಿ, ಸಿಇಟಿ ಕೊನಿ ರೌಂಡ್ ಮುಗಿಯೋ ತನಕ ಡಿಗ್ರಿ ಕಾಲೇಜಿನವ್ರು ಕುಂತಿರಲ್ಲ.